ಗಡಿಯ ಮಾಸ್ತರು ಮೊದಲು ಕಲಿಯಬೇಕಾದ್ದು

ಮಕ್ಕಳು ಏನು ಕಲಿಯಬೇಕು ಅಂತ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮಾಸ್ತರು ಏನು ಕಲಿಯಬೇಕು ಅಂತ ಕೇಳುವವರು ಕಡಿಮೆ. ಈಗ ಸರಕಾರವೇ ಆ ಮಾತು ಎತ್ತಿದೆ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ತಾಸು ತರಬೇತಿ ಪಡೆಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಇರುವ, ಟಿಇಟಿ ಆಗದ ಶಿಕ್ಷಕರು ಎರಡು ವರ್ಷದೊಳಗೆ ಅದನ್ನು ಪಾಸಾಗಬೇಕು ಎಂದು ತೀರ್ಪು ಕೊಟ್ಟಿತು. ತಲೆ ನರೆತವರೂ ಮತ್ತೆ ಪುಸ್ತಕ ಹಿಡಿಯುವ ಕಾಲ ಬಂತು.

ಹೊಸದಾಗಿ ಏನು ಕಲಿಯುವ ಆಸೆ ಅದ ಅಂತ ಮಾಸ್ತರರನ್ನು ಕೇಳಿ ನೋಡಿ. ಕಂಪ್ಯೂಟರ್, ಇಂಗ್ಲಿಷ್, ಈಗೀಗ ಎಐ ಅಂತಾರೆ. ಕಲಿಯಲಿ, ಬ್ಯಾಡ ಅನ್ನೋದಿಲ್ಲ. ಆದರೆ ಉಮರಗಾ, ನಿಲಂಗಾ, ಉದಗೀರ ಭಾಗದ ಮಾಸ್ತರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆ ಬೇರೆ ಅದ. ಅದು ಮುಂದೆ ಕುಂತ ಕೂಸಿನ ಮನೆ ಮಾತು.

1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಎರಡೂ ನಮ್ಮ ಬೀದರ ಜಿಲ್ಲೆಯ ತಾಲ್ಲೂಕುಗಳೇ. ಉಮರಗಾ ಉಸ್ಮಾನಾಬಾದ ಜಿಲ್ಲೆಯದು, ಈಗ ಅದರ ಹೆಸರು ಧಾರಾಶಿವ. ರಾಜ್ಯಗಳನ್ನು ಹಂಚಿದಾಗ ಮೂರೂ ಮುಂಬಯಿ ರಾಜ್ಯಕ್ಕೆ ಹೋದವು, 1960ರಿಂದ ಮಹಾರಾಷ್ಟ್ರದೊಳಗಿವೆ. ಆಫೀಸಿನ ಬೋರ್ಡು ಬದಲಾಯಿತು, ಅಡಿಗೆ ಮನೆಯ ಮಾತು ಬದಲಾಗಲಿಲ್ಲ. ಇವತ್ತಿಗೂ ಆ ಕಡೆ ಕನ್ನಡ ಆಡುವ ಮನೆ ಅವ, ತೆಲುಗು ಆಡುವ ಮನೆ ಅವ, ಲಂಬಾಣಿ ತಾಂಡಾ ಅವ. ನನ್ನ ಮನೆ ಮಾತು ತೆಲುಗು, ಸಾಲಿ ಮಾತು ಕನ್ನಡ, ಅಡತಿ ಅಂಗಡಿ ಮುಂದೆ ಮರಾಠಿ. ಈ ಪುಟ ಓದುವ ರೈತರು, ವ್ಯಾಪಾರಿಗಳು ಬಹಳ ಮಂದಿ ಇದೇ ಥರದವರು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸುವ ಸೌಲಭ್ಯ ಕೊಡಬೇಕು ಎಂದು ಸಂವಿಧಾನದ 350ಎ ಕಲಮು ಹೇಳುತ್ತದೆ. ಆದರೆ ನಾಲ್ಕೈದು ಮನೆ ಇರುವಲ್ಲಿ ಒಂದು ಕನ್ನಡ ಸಾಲಿ, ಒಂದು ತೆಲುಗು ಸಾಲಿ ತೆಗೆಯಲು ಆಗೋದಿಲ್ಲ. ಅಂಥ ಊರಿನ ಕೂಸು ಮರಾಠಿ ಸಾಲಿಗೇ ಹೋಗಬೇಕು, ಮರಾಠಿ ಚೆಂದಾಗಿ ಕಲಿಯಲೂ ಬೇಕು. ಆ ಕೂಸಿಗೂ ಹೊಸ ಭಾಷೆಗೂ ನಡುವೆ ಸೇತುವೆ ಆಗಬೇಕಾದವರು ಮಾಸ್ತರು.

ಸೇತುವೆ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಲೆಕ್ಕದ ಪಾಠವನ್ನೇ ನೋಡಿ. 27ಕ್ಕೆ ಕನ್ನಡದಾಗ ಇಪ್ಪತ್ತೇಳು, ತೆಲುಗಿನಾಗ ಇರವೈ ಏಡು. ಎರಡರಲ್ಲೂ ಮೊದಲು ಇಪ್ಪತ್ತು, ಆಮೇಲೆ ಏಳು. ಮರಾಠಿಯಾಗ ಸತ್ತಾವೀಸ. ಮೊದಲು ಏಳು, ಆಮೇಲೆ ಇಪ್ಪತ್ತು. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ 72 ಆಗುತ್ತದೆ. 49ಕ್ಕೆ ಏಕೋಣಪನ್ನಾಸ, ಅಂದರೆ ಐವತ್ತಕ್ಕೆ ಒಂದು ಕಡಿಮೆ. ‘ಏಕ’, ‘ಪನ್ನಾಸ’ ಇಷ್ಟೇ ತಿಳಿದ ಕೂಸು 51 ಬರೆಯುತ್ತದೆ. ಮನೆ ಲೆಕ್ಕ ಗೊತ್ತಿಲ್ಲದ ಮಾಸ್ತರು ‘ದಡ್ಡ’ ಅಂತಾರೆ. ಗೊತ್ತಿದ್ದವರು ‘ನಿಮ್ಮ ಮನ್ಯಾಗ ಇಪ್ಪತ್ತು ಮೊದಲು ಬರ್ತದ, ಇಲ್ಲಿ ಏಳು ಮೊದಲು’ ಅಂತ ಒಂದು ಮಾತು ಹೇಳಿದರೆ ಗಂಟು ಬಿಚ್ಚಿತು. ದಡ್ಡ ಅನಿಸಿಕೊಂಡ ಹುಡುಗ ನಾಳೆ ಸಾಲಿ ಬಿಟ್ಟು ಕೂಲಿಗೆ ಹೋಗುತ್ತಾನೆ. ಸೋಯಾ, ತೊಗರಿ ಮಾರಲು ಬಂದಾಗ ತೂಕದ ಪಟ್ಟಿಯ ಮೇಲೆ 47 ಅದನೋ 74 ಅದನೋ ಅಂತ ಇನ್ನೊಬ್ಬರನ್ನು ಕೇಳುತ್ತಾನೆ.

ಇದು ಬರೀ ನಮ್ಮ ಗಡಿಯವರ ತಕರಾರಲ್ಲ. 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ಏಕವೀಸ’ವನ್ನು ‘ವೀಸ ಏಕ’ ಎಂದು ಓದುವ ಕ್ರಮ ಬಂದಾಗ ಮಹಾರಾಷ್ಟ್ರದ ತುಂಬ ಗದ್ದಲವಾಯಿತು. ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರ ಅವರು ಮಕ್ಕಳಿಗೆ ಸುಲಭವಾಗಲಿ ಎಂದು ಆ ಕ್ರಮವನ್ನು ಸಮರ್ಥಿಸಿದರು. ಮರಾಠಿ ಮನೆಯ ಮಕ್ಕಳಿಗೇ ಇಷ್ಟು ಚರ್ಚೆ ಬೇಕಾದರೆ, ಕನ್ನಡ, ತೆಲುಗು ಮನೆಯ ಕೂಸಿನ ಗತಿ ಏನು?

ಮಾಸ್ತರರಿಗೆ ಮೊದಲೇ ಚುನಾವಣೆ, ಜನಗಣತಿ, ಬಿಸಿಯೂಟದ ಲೆಕ್ಕ ಅಂತ ಕೆಲಸ ಬಹಳ. ಮೂರು ವರ್ಷ ಇದ್ದು ವರ್ಗವಾಗಿ ಹೋಗುವವರು ಎಷ್ಟು ಭಾಷೆ ಕಲಿಯಬೇಕು ಅಂತ ಕೇಳಬಹುದು. ಆ ಮಾತು ಖರೆ. ನಾವು ಕಾವ್ಯ ಓದಲು ಹೇಳುತ್ತಿಲ್ಲ. ಒಂದರಿಂದ ನೂರು, ಸಂಬಂಧದ ಹೆಸರು, ಹೊಲ-ಮನೆ-ಊಟ-ನೋವಿನ ಇನ್ನೂರು ಮಾತು ಸಾಕು. ಬಾಲಭಾರತಿ ಕನ್ನಡದಲ್ಲೂ ತೆಲುಗಿನಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಒಂದನೇ ಇಯತ್ತೆಯ ಪುಸ್ತಕ ಮೇಜಿನ ಮೇಲಿದ್ದರೆ ಅದೇ ಮಾಸ್ತರರ ಅಂಕಲಿಪಿ. ಕನ್ನಡ ಅಕ್ಷರ ಬಂದವರಿಗೆ ತೆಲುಗು ಅಕ್ಷರ ವಾರದ ಕೆಲಸ, ಯಾಕಂದರೆ ಎರಡೂ ಒಂದೇ ಬೇರಿನವು. ಮಾತು ಕಲಿಸಲು ಸಂತೆ ಅದ, ಹಮಾಲರು ಅವ್ರೆ, ಕೂಸಿನ ಅಜ್ಜಿ ಅವ್ಳೆ.

ಈ ನೆಲದ ಗುರುಗಳಿಗೆ ಇದು ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಆಗ ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅವರು ಹುಟ್ಟಿದ ಕಮಲನಗರ ಉದಗೀರದ ಮಗ್ಗುಲಲ್ಲೇ ಅದ. ದೊರೆಯ ಭಾಷೆಯನ್ನೂ ಬಲ್ಲವರು, ಕೂಸಿನ ಭಾಷೆಯನ್ನೂ ಬಿಡದವರು ಅವರು.

ಈ ಮಾತು ಬರೀ ಆ ಕಡೆಯವರಿಗಲ್ಲ. ಔರಾದ, ಭಾಲ್ಕಿ ಕಡೆ ನಮ್ಮ ಕನ್ನಡ ಸಾಲಿಯಲ್ಲೂ ಮರಾಠಿ ಮನೆಯ ಮಕ್ಕಳು, ತೆಲುಗು ಮನೆಯ ಮಕ್ಕಳು ಕುಂತಾರೆ. ನಮ್ಮ ಅಕ್ಕೋರು, ಮಾಸ್ತರರೂ ಅವರ ಲೆಕ್ಕ ಕಲಿಯಬೇಕು. ನಮ್ಮ ಅಂಗಳ ಗುಡಿಸದೆ ನೆರೆಮನೆಯವರಿಗೆ ಬುದ್ಧಿ ಹೇಳಬಾರದು.

ಎರಡೂ ಸರಕಾರಗಳಿಗೆ ನಮ್ಮದು ಒಂದೇ ವಿನಂತಿ. ಆ 50 ತಾಸಿನಲ್ಲಿ 10 ತಾಸು ಗಡಿ ತಾಲ್ಲೂಕಿನಲ್ಲಿ ಮಕ್ಕಳ ಮನೆ ಮಾತಿಗೆ ಮೀಸಲಿಡಲಿ. ಕಲಿಸಲು ದೊಡ್ಡ ಪಂಡಿತರು ಬೇಕಾಗಿಲ್ಲ. ಎರಡು ಮೂರು ಭಾಷೆ ಆಡಿ ಹೊಟ್ಟೆ ಹೊರೆಯುವ ರೈತರು, ವ್ಯಾಪಾರಿಗಳು ನಾವೇ ಇದ್ದೇವೆ. ಕೇಂದ್ರದ ಯೋಜನೆಗೆ ‘ಸಮಗ್ರ ಶಿಕ್ಷಾ’ ಅಂತ ಹೆಸರು. ಹಿಂದಿಯಲ್ಲಿ ಶಿಕ್ಷಾ ಅಂದರೆ ವಿದ್ಯೆ. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಶಿಕ್ಷೆ ಅಂದರೆ ದಂಡನೆ. ಗಡಿಯ ಕೂಸಿಗೆ ಅದು ವಿದ್ಯೆ ಆಗಬೇಕೋ ದಂಡನೆ ಆಗಬೇಕೋ ಅನ್ನೋದು ಮಾಸ್ತರರು ಕಲಿಯುವ ಆ ಇನ್ನೂರು ಮಾತಿನ ಮೇಲೆ ನಿಂತದ.