ಹೊಳಿ ಒಯ್ದ ರೇಡಿಯೋ ಸರ್ಟಿಫಿಕೇಟು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು, ನಿಜ ಏನಂದ್ರೆ ಸೋಮಾರಿತನ :-)

ಮೊನ್ನೆ ರಜೆಗೆ ಕರೋಶಿಗೆ ಹೋಗಿದ್ದೆ. ಅಟ್ಟದ ಮೇಲೆ ಏನೋ ಹುಡುಕುವಾಗ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಕೆಸರು ಮೆತ್ತಿ ಒಣಗಿದ, ಇಟ್ಟಿಗೆಯಂತೆ ಗಟ್ಟಿಯಾದ ಕಾಗದದ ಗಂಟು. ನಮ್ಮ ದೊಡ್ಡವ್ವನ ಮಗನದು. ಬಿಸಾಕೋಕೆ ಅವನಿಗೆ ಮನಸ್ಸು ಬಂದಿಲ್ಲ.

ಅಣ್ಣ ಹಡಗಿನಲ್ಲಿ ಅಧಿಕಾರಿ. ನಮ್ಮ ಕಡೆ ಹುಡುಗರು ಮಿಲಿಟರಿಗೆ ಹೋಗ್ತಾರೆ, ಇಲ್ಲಾ ಕಬ್ಬಿನ ಗದ್ದೆ ನೋಡ್ಕೋತಾರೆ. ಸಮುದ್ರಕ್ಕೆ ಹೋದವನು ಅಂದ್ರೆ ನಮ್ಮ ಬಳಗದಲ್ಲಿ ಇವನೊಬ್ಬನೇ. 2019ರ ಆಗಸ್ಟಿನಲ್ಲಿ ರಜೆಗೆ ಬಂದಿದ್ದ. ಅವನ ಮನೆ ಕೃಷ್ಣೆಯ ದಂಡೆಯ ಯಡೂರಿನಲ್ಲಿ. ಆ ಸಲದ ಮಹಾಪೂರ ನಿಮಗೆಲ್ಲ ನೆನಪಿರಬೇಕು. ಮಹಾರಾಷ್ಟ್ರದಲ್ಲಿ ಮಳೆ, ಕೊಯ್ನಾದಿಂದ ನೀರು, ಜೊತೆಗೆ ದೂಧಗಂಗಾ, ವೇದಗಂಗಾ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವುದನ್ನೂ ಬಿಡಲಿಲ್ಲ. ದೊಡ್ಡವ್ವನ ಮನೆಯವರು ದನ ಬಿಚ್ಚಿಕೊಂಡು ನಮ್ಮಲ್ಲಿಗೆ ಬಂದರು. ಟ್ರಂಕು ಅಲ್ಲೇ ಉಳೀತು.

ನೀರು ಇಳಿದ ಮೇಲೆ ಸಿಕ್ಕಿದ್ದು ಈ ಗಂಟು. ಇದರಲ್ಲೇ ಎಲ್ಲೋ ಅವನ ಜಿಎಂಡಿಎಸ್‌ಎಸ್ ಸರ್ಟಿಫಿಕೇಟೂ ಇತ್ತು. ಅಥವಾ ಇರಲಿಲ್ಲ... ಬಿಡಿಸಿ ನೋಡಿದರೆ ತಾನೇ ಗೊತ್ತಾಗೋದು!

ಆ ಸರ್ಟಿಫಿಕೇಟು ಏನು ಅಂತ ಸ್ವಲ್ಪ ಹೇಳ್ತೀನಿ. ಹಿಂದೆ ಹಡಗಿನಲ್ಲಿ ಮೋರ್ಸ್ ಕುಟ್ಟೋಕೆ ಅಂತಲೇ ರೇಡಿಯೋ ಅಧಿಕಾರಿ ಇರ್ತಿದ್ದ. 1999ರ ಫೆಬ್ರವರಿ 1ರಿಂದ ಜಿಎಂಡಿಎಸ್‌ಎಸ್ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು, ಆ ಕೆಲಸ ಡೆಕ್ ಅಧಿಕಾರಿಗಳ ಪಾಲಿಗೆ ಬಂತು. ನಮ್ಮಲ್ಲಿ ಇದರ ಪ್ರಮಾಣಪತ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು. ಅದಿಲ್ಲದೆ ಡೆಕ್ ಅಧಿಕಾರಿಯಾಗಿ ಹಡಗು ಹತ್ತೋ ಹಾಗಿಲ್ಲ.

ನಕಲು ಪ್ರತಿ ಬೇಕು ಅಂದ್ರೆ ಮೊದಲು ಪೊಲೀಸ್ ದೂರು. ಅಣ್ಣನ ಜೊತೆ ಒಂದು ಠಾಣೆಗೆ ನಾನೂ ಹೋಗಿದ್ದೆ.

"ಏನ್ ಕಳದೈತ್ರೀ?"
"ರೇಡಿಯೋ ಆಪರೇಟರ್ ಸರ್ಟಿಫಿಕೇಟ್ರೀ."
"ರೇಡಿಯೋ ಕಳದೈತೇನು?"
"ರೇಡಿಯೋ ಅಲ್ರೀ, ಸರ್ಟಿಫಿಕೇಟು."
"ಎಲ್ಲಿ ಕಳ್ಕೊಂಡ್ರಿ?"
"ಕಳ್ಕೊಂಡಿಲ್ರೀ, ಹೊಳಿ ಒಯ್ದೈತಿ."
"ಹಂಗ ಬರ್ಯಾಕ ಬರೂದಿಲ್ರೀ. ಜಾಗಾ ಹೇಳ್ರಿ."
"ಜಾಗಾ ನಮ್ಮ ಮನೀರೀ. ಹೊಳೀನ ಮನೀಗಿ ಬಂದಿತ್ತು."

ಆಗ ನಗು ಬಂದಿತ್ತು. ಆಮೇಲೆ ಬರಲಿಲ್ಲ. ಕಳೆದಿದೆ ಅಂತ ಬರೆಯೋಣ ಅಂದ್ರೆ ಗಂಟು ಕೈಯಲ್ಲಿದೆ. ಹಾಳಾಗಿದೆ ಅಂತ ಬರೆಯೋಣ ಅಂದ್ರೆ ಹಾಳಾದ ಹಾಳೆ ತೋರಿಸೋಕೆ ಆಗ್ತಿಲ್ಲ. ದೂರಿನ ಪ್ರತಿ, ಛಾಪಾ ಕಾಗದ, ಅಫಿಡವಿಟ್ಟು, ನೋಟರಿ ಅಂತ ಓಡಾಡುವಷ್ಟರಲ್ಲೇ ಅವನು ಹತ್ತಬೇಕಿದ್ದ ಹಡಗು ಬೇರೆಯವನನ್ನು ಹತ್ತಿಸಿಕೊಂಡು ಹೋಯ್ತು. ಹೊಸ ಪ್ರತಿ ಆಮೇಲೆ ಬಂತು, ಆ ಸಂಬಳ ಬರಲಿಲ್ಲ. ಕುಸಿದ ಗೋಡೆ ಕಟ್ಟಿಸಬೇಕಾಗಿದ್ದದ್ದು ಅದೇ ವರ್ಷ.

ದೂರು ಯಾಕೆ ಕೇಳ್ತಾರೆ ಅನ್ನೋದು ನನಗೂ ಅರ್ಥ ಆಗುತ್ತೆ. ನಿಜವಾಗಿ ಕಳೆದ ಸರ್ಟಿಫಿಕೇಟು ಇನ್ನೊಬ್ಬನ ಕೈಗೆ ಸಿಕ್ಕರೆ, ಮೇಡೇ ಕರೆ ಕೊಡೋಕೂ ಬಾರದವನು ಹಡಗು ಹತ್ತಬಹುದು. ಅದು ಸಣ್ಣ ಮಾತಲ್ಲ. ಆದ್ರೆ ಅಫಿಡವಿಟ್ಟು ಅದನ್ನು ತಡೆಯುತ್ತಾ? ತಡೆಯೋದು ರಿಜಿಸ್ಟರು. ಹಳೇ ನಂಬರಿನ ಮುಂದೆ "ರದ್ದು" ಅಂತ ಬಿದ್ದರೆ ಮುಗೀತು.

ಆ ರಿಜಿಸ್ಟರು ಇಡಬೇಕು ಅಂತ ನಾನು ಹೊಸದಾಗಿ ಹೇಳ್ತಿಲ್ಲ. ನಾವಿಕರ ತರಬೇತಿ, ಪ್ರಮಾಣಪತ್ರಗಳ ಕುರಿತ 1978ರ ಅಂತಾರಾಷ್ಟ್ರೀಯ ಒಪ್ಪಂದದಲ್ಲೇ (ಎಸ್‌ಟಿಸಿಡಬ್ಲ್ಯು) ಇದೆ. ಕೊಟ್ಟ, ಅವಧಿ ಮುಗಿದ, ರದ್ದಾದ, ಕಳೆದುಹೋದ ಅಥವಾ ನಾಶವಾದ ಪ್ರಮಾಣಪತ್ರಗಳ ದಾಖಲೆಯನ್ನು ಪ್ರತಿ ದೇಶವೂ ಇಡಬೇಕು. ಅಂದ್ರೆ ಕೊಟ್ಟವರ ಬಳಿ ಲೆಕ್ಕ ಇರಬೇಕು. ಇರುವ ಲೆಕ್ಕವನ್ನು ನೋಡೋದು ಬಿಟ್ಟು, ನೀರಲ್ಲಿ ಮನೆ ಕಳಕೊಂಡವನನ್ನೇ ಸಾಕ್ಷಿ ತಾ ಅನ್ನೋದು ಯಾವ ನ್ಯಾಯ? ನಮ್ಮ ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ, ಪ್ರಿಂಟೌಟ್ ಹರಿದರೆ ಯಾರೂ ರೆಕಾರ್ಡ್ ಡಿಲೀಟ್ ಆಯ್ತು ಅನ್ನಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸರ್ಕಾರವೇ ಪ್ರವಾಹಪೀಡಿತ ಅಂತ ಘೋಷಿಸಿದ ಊರಿನವರ ಹತ್ತಿರ ಬೇರೆ ಬೇರೆ ದೂರು ಕೇಳಬಾರದು. ಮನೆ ಮುಳುಗಿದ್ದಕ್ಕೆ ಪಂಚನಾಮೆ ಆಗಿರುತ್ತಲ್ಲ, ಅದೇ ಸಾಕು. ಅದು ಹಡಗಿನವನಿಗೂ ಇರಲಿ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕಳಕೊಂಡ ಹುಡುಗಿಗೂ ಇರಲಿ.

ಕಾಲವೂ ಆ ಕಡೆಗೇ ಹೊರಟಿದೆ. ಮೊದಲೆಲ್ಲ ಎಸ್‌ಟಿಸಿಡಬ್ಲ್ಯು ಪ್ರಮಾಣಪತ್ರದ ಮೂಲ ಪ್ರತಿಯೇ ಹಡಗಿನಲ್ಲಿರಬೇಕಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿ ಎಲೆಕ್ಟ್ರಾನಿಕ್ ಪ್ರಮಾಣಪತ್ರಕ್ಕೂ ಜಾಗ ಕೊಟ್ಟಿದೆ. ಹೊಳಿ ಅದನ್ನಂತೂ ಒಯ್ಯೋಕಾಗಲ್ಲ.

ಒಂದು ಮಾತು ಅಣ್ಣ ಹೇಳಿದ್ದು ಇನ್ನೂ ತಲೆಯಲ್ಲಿದೆ. ಹಡಗು ಮುಳುಗೋ ಹೊತ್ತಿನಲ್ಲಿ ರೇಡಿಯೋದ ಕೆಂಪು ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಹಡಗಿನ ಒಂಬತ್ತು ಅಂಕಿಯ ಗುರುತು, ಇರುವ ಜಾಗ, ಹೊತ್ತು ಎಲ್ಲವೂ ತಾನಾಗೇ ಹೋಗುತ್ತೆ. "ಮುಳುಗಾವನ್ನ ಅಲ್ಲಿ ಯಾರೂ ಅಫಿಡವಿಟ್ ಕೇಳೂದಿಲ್ಲೋ ತಮ್ಮಾ" ಅಂದಿದ್ದ.

ನೀವೂ ಒಂದು ಕೆಲಸ ಮಾಡಿ. ಇವತ್ತೇ ನಿಮ್ಮ, ಅಪ್ಪ ಅಮ್ಮನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ನಂಬರು, ಕೊಟ್ಟ ತಾರೀಖು ಬೇರೆ ಬರೆದಿಡಿ. ನಕಲು ಪ್ರತಿಗೆ ಅರ್ಜಿ ಹಾಕುವಾಗ ಅವೇ ಕೈ ಹಿಡಿಯೋದು. ನಾನಂತೂ ಊರಿನಲ್ಲಿ ಎರಡು ದಿನ ಇದೇ ಕೆಲಸ ಮಾಡಿದೆ. ಅಟ್ಟದ ಗಂಟನ್ನು ಮಾತ್ರ ಇದ್ದಲ್ಲೇ ಇಟ್ಟು ಬಂದೆ.

ನಿಮ್ಮ ಮನೆಯ ಕಾಗದ ಹೀಗೆ ನೀರು ಪಾಲಾಗಿದ್ದರೆ, ವಾಪಸ್ ಪಡೆದ ಕಥೆ ಇದ್ದರೆ, ಕೆಳಗೆ ಬರೆಯಿರಿ.