ಗೇಣಿಗೆ ಬಂದ ಕಂಪ್ಯೂಟರು

ಪಕ್ಷದ ಕೆಲಸದ ಮೇಲೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸುತ್ತುತ್ತಿದ್ದಾಗ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆವು. ಅಲ್ಲಿಯ ಮುಖ್ಯೋಪಾಧ್ಯಾಯರು ನಮ್ಮ ಹಳೆಯ ಸಹೋದ್ಯೋಗಿಗಳು. ಚಹಾ ಆದ ಮೇಲೆ ಒಂದು ಕೊಠಡಿಯ ಬೀಗ ತೆಗೆದು ತೋರಿಸಿದರು. ಒಳಗೆ ಎಂಟು ಕಂಪ್ಯೂಟರುಗಳು ಹಳೆಯ ದುಪ್ಪಟಿ ಹೊದ್ದು ಕುಳಿತಿದ್ದವು. ಕೆಟ್ಟಿವೆಯೇ ಎಂದು ಕೇಳಿದೆವು, ಇಲ್ಲವೆಂದರು. ಕರೆಂಟು ಇಲ್ಲವೇ ಎಂದು ಕೇಳಿದೆವು, ಇದೆಯೆಂದರು. “ಇವುಗಳ ಕಾಲ ಮುಗಿಯಿತಂತೆ ಮೇಷ್ಟ್ರೇ, ಕಂಪನಿಯವರೇ ಹೇಳಿಬಿಟ್ಟಿದ್ದಾರಂತೆ. ಹೊಸವು ಬರೋತನಕ ಮುಟ್ಟೋದು ಬೇಡ ಅಂತ ಸುಮ್ಮನಿದ್ದೀವಿ.” ಹೊಸವು ಎಂದು ಬರುತ್ತವೆ ಎಂಬ ಮೂರನೆಯ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ, ನಕ್ಕರು. ಕಿಟಕಿಯಾಚೆ ನಿಂತು ಇಣುಕುತ್ತಿದ್ದ ಎಂಟನೆಯ ತರಗತಿಯ ಹುಡುಗಿಯರು ಮಾತ್ರ ನಗಲಿಲ್ಲ.

ಕಂಪನಿಯವರು ಹೇಳಿದ್ದೇನು? ಕಂಪ್ಯೂಟರನ್ನು ಎಬ್ಬಿಸಿ, ಕೀಲಿಮಣೆ, ಪರದೆ, ಕಡತ ಎಲ್ಲಕ್ಕೂ ಯಜಮಾನಿಕೆ ನಡೆಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ನಮ್ಮ ಶಾಲೆ, ಕಚೇರಿ, ಸೊಸೈಟಿಗಳಲ್ಲಿ ಬಹುಪಾಲು ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಆ ಕಂಪನಿ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅಂದಿನಿಂದ ಯಂತ್ರ ನಿಂತುಹೋಗುವುದಿಲ್ಲ, ಓಡುತ್ತಲೇ ಇರುತ್ತದೆ. ಆದರೆ ಅದರಲ್ಲಿ ಹೊಸದಾಗಿ ಕಾಣುವ ತೂತುಗಳನ್ನು ಮುಚ್ಚುವ ತೇಪೆ ಎಂದಿನಂತೆ ಬರುವುದಿಲ್ಲ. ಒಂದು ವರ್ಷದ ಮಟ್ಟಿಗೆ ತೇಪೆ ಬೇಕೆಂದರೆ ಬೇರೆ ಕರಾರು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿ.ಪಿ.ಎಂ. 2.0 ಎಂಬ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಪ್ರೊಸೆಸರು ಬೇಕು. ಅಂದರೆ ಹೆಚ್ಚುಕಡಿಮೆ 2017ರ ಹಿಂದಿನ ಯಂತ್ರಗಳೆಲ್ಲ ಪಂಕ್ತಿಯಿಂದ ಎದ್ದು ಹೊರಗೆ ನಿಲ್ಲಬೇಕು. ಕೆನಾಲಿಸ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ 2023ರ ಕೊನೆಯಲ್ಲಿ ಹಾಕಿದ ಅಂದಾಜಿನಂತೆ, ಪ್ರಪಂಚದಲ್ಲಿ ಹೀಗೆ ಕಸಕ್ಕೆ ಹೋಗಬಹುದಾದ ಕಂಪ್ಯೂಟರುಗಳ ಸಂಖ್ಯೆ 24 ಕೋಟಿ. ಸವೆದು ಸತ್ತ ಯಂತ್ರಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಒಡೆಯ ಬೇಡವೆಂದದ್ದಕ್ಕೆ ಸಾಯಬೇಕಾದವುಗಳ ಲೆಕ್ಕವಿದು.

ನಮ್ಮ ಪಕ್ಷದವರಿಗೆ ಈ ಭಾಷೆ ಹೊಸದಲ್ಲ. ದುಡ್ಡು ಕೊಟ್ಟು ಕಂಪ್ಯೂಟರು ತಂದಾಗ ಪೆಟ್ಟಿಗೆ ನಮ್ಮದಾಗುತ್ತದೆ, ಅದನ್ನು ನಡೆಸುವ ವ್ಯವಸ್ಥೆ ಮಾತ್ರ ಲೈಸೆನ್ಸಿನ ಮೇಲೆ ಬರುತ್ತದೆ. ಲೈಸೆನ್ಸೆಂದರೆ ಗೇಣಿ ಚೀಟಿ. ಉಳುವವನು ನೀನು, ಹೊಲ ನನ್ನದು, ಬಿಡು ಎಂದ ದಿನ ಬಿಡು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದರಿಂದ? ಗೇಣಿ ಬತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಾಗಿತ್ತು. ಗಣಪತಿಯಪ್ಪನವರೂ ಗೋಪಾಲಗೌಡರೂ ಹೂಡಿದ ಆ ಹೋರಾಟದಲ್ಲಿ ಲೋಹಿಯಾರವರು ಬಂದು ಸೆರೆಯಾದರು. ಕೊಳಗವನ್ನು ಕೈಗೆತ್ತಿಕೊಂಡು ಒಳಗೆ ಎಷ್ಟು ಹಿಡಿಯುತ್ತದೆಂದು ನೋಡುವ ಹಕ್ಕು ಅಂದಿನ ಗೇಣಿದಾರನಿಗಾದರೂ ಕೇಳಲು ಸಾಧ್ಯವಿತ್ತು. ಇಂದಿನ ಗೇಣಿದಾರನಿಗೆ ಕೊಳಗವೇ ಕಾಣಿಸುವುದಿಲ್ಲ. ಕಂಪ್ಯೂಟರು ನಮ್ಮ ಕಡತಗಳನ್ನು ಏನು ಮಾಡುತ್ತಿದೆ, ಯಾರಿಗೆ ಏನು ವರದಿ ಕಳಿಸುತ್ತಿದೆ ಎಂಬುದು ಮುಚ್ಚಿದ ಪೆಟ್ಟಿಗೆಯ ಒಳಗಿನ ಮಾತು.

ಇದಕ್ಕೆ ಬೇರೆ ದಾರಿಯಿದೆ. ಅದು ನಿನ್ನೆ ಮೊನ್ನೆಯದೂ ಅಲ್ಲ. ಅಮೇರಿಕಾದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಎಲ್ಲರೂ ತೆರೆದು ನೋಡಿ, ತಿದ್ದಿ, ನೆರೆಯವರಿಗೂ ಹಂಚಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುವೆನೆಂದು ಸಾರಿ ಅದಕ್ಕೆ ಗ್ನು ಎಂದು ಹೆಸರಿಟ್ಟರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದು ಹೊರಗಿಟ್ಟ. ಎರಡೂ ಕೂಡಿ ಇಂದು ಲಿನಕ್ಸ್ ಎಂದು ಹೆಸರಾಗಿದೆ. ಮೂಲ ಸಂಕೇತ ತೆರೆದಿದೆ ಎಂದರೇನೆಂದು ಮೊಳಕಾಲ್ಮೂರಿನ ನೇಕಾರರಿಗೆ ನಾವು ಹೀಗೆ ಹೇಳುತ್ತೇವೆ: ಜಕಾರ್ಡಿನ ತೂತಿನ ಕಾರ್ಡುಗಳ ಸರ ನಿಮ್ಮ ಕೈಯಲ್ಲಿದ್ದರೆ ಸೆರಗಿನ ಬುಟ್ಟವನ್ನು ನೀವೇ ಬದಲಿಸಬಹುದು, ಬರಿ ಸೀರೆ ಕೈಯಲ್ಲಿದ್ದರೆ ಉಡಬಹುದು ಅಷ್ಟೆ. ಲಿನಕ್ಸಿನಲ್ಲಿ ಸೀರೆಯ ಸಂಗಡ ಕಾರ್ಡನ್ನೂ ಕೊಡುತ್ತಾರೆ.

ಸಾರ್ವಜನಿಕವಾದದ್ದನ್ನು ಬಲವಿದ್ದವನು ಬೇಲಿ ಹಾಕಿಕೊಳ್ಳುವುದಿಲ್ಲವೇ ಎಂದು ಕೇಳಿದರೆ, ಆ ಸಂಶಯ ಚಳ್ಳಕೆರೆಯವರಿಗೆ ಬರಲೇಬೇಕು. ಅಮೃತಮಹಲ್ ಕಾವಲಿನಲ್ಲಿ ದನ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕಿದ ಹಳ್ಳಿಗಳ ಸುತ್ತ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ವಿಜ್ಞಾನ ಸಂಸ್ಥೆಗೆಂದು ಹಂಚಿಹೋದದ್ದನ್ನೂ, ಗೋಡೆ ಎದ್ದದ್ದನ್ನೂ, ದಾವೆ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದನ್ನೂ ನಾವು ಕಣ್ಣಾರೆ ಕಂಡವರು. ಸ್ಟಾಲ್ಮನ್ನರು ಇದನ್ನು ಮೊದಲೇ ಊಹಿಸಿದ್ದರೆಂದು ಕಾಣುತ್ತದೆ. 1989ರಲ್ಲಿ ಅವರು ಬರೆದ ಜಿ.ಪಿ.ಎಲ್. ಎಂಬ ಲೈಸೆನ್ಸಿನ ಕಟ್ಟಳೆ ಇದು: ಯಾರಾದರೂ ಈ ತಂತ್ರಾಂಶವನ್ನು ತೆಗೆದುಕೊಳ್ಳಲಿ, ತಿದ್ದಲಿ, ಮಾರಲಿ, ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಮೂಲವನ್ನೂ, ಇದೇ ಹಕ್ಕುಗಳನ್ನೂ ಜೊತೆಗೆ ಕೊಡತಕ್ಕದ್ದು. ಕಾವಲಿಗೆ ಅಂಥ ಒಂದು ಕಾಗದ ಇದ್ದಿದ್ದರೆ!

ಬಂಡವಾಳಗಾರರು ಇದನ್ನು ಬಿಟ್ಟಿದ್ದಾರೆಯೇ? ಇಲ್ಲ. ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಪ್ರಪಂಚದ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಇದರ ಕೆಲಸ ಮಾಡಿಸುತ್ತವೆ, ಲಾಭವನ್ನೂ ತೆಗೆಯುತ್ತವೆ. ಆದಕಾರಣ ಇದೇ ಸಮಾಜವಾದವೆಂದು ಕೆಲವು ತರುಣ ಗೆಳೆಯರು ಕುಣಿಯುವುದನ್ನು ನಾವು ಒಪ್ಪುವುದಿಲ್ಲ. ತಮ್ಮ ಕೊಟ್ಟಿಗೆಗೆ ಗೋಮಾಳದ ಹುಲ್ಲು ತರುವ ಜಾಣರು ನಮ್ಮ ಶಾಲೆಗಳಿಗೆ ಮಾತ್ರ ಹಿಂಡಿ ಮಾರುತ್ತಿದ್ದಾರೆ ಎಂಬಷ್ಟನ್ನು ಹೇಳುತ್ತೇವೆ.

ಹೇಳುವುದು ಸುಲಭ, ಹಾಕಿ ತೋರಿಸಿ ಎಂದು ಓದುಗರು ಕೇಳಬಹುದು. ನಮ್ಮ ಚಳ್ಳಕೆರೆ ಕಚೇರಿಯ ಕಂಪ್ಯೂಟರು 2012ರದ್ದು, ಸ್ಮರಣೆ 4 ಜಿ.ಬಿ. ಮಾತ್ರ. ಅದಕ್ಕೆ ಲಿನಕ್ಸ್ ಮಿಂಟ್ ಎಂಬುದರ ಹಗುರ ಬಗೆಯನ್ನು, ಎಕ್ಸ್‌ಎಫ್‌ಸಿಇ ಎನ್ನುವುದನ್ನು, ಹಾಕಿದೆವು. ಲಿನಕ್ಸಿನಲ್ಲಿ ಹತ್ತಾರು ಕವಲುಗಳಿವೆ. ಹೊಸಬರಿಗೆ ಇದು ಒಗ್ಗುತ್ತದೆಂದು ತಿಳಿದವರು ಹೇಳಿದರು. ಇದರ 22ನೆಯ ಆವೃತ್ತಿಗೆ 2029ರವರೆಗೆ ತೇಪೆಗಳು ಬರುತ್ತವೆ. ಖರ್ಚು ಒಂದು 8 ಜಿ.ಬಿ. ಪೆನ್‌ಡ್ರೈವಿನದು. ಮಿಂಟಿನವರ ತಾಣದಿಂದ ಸುಮಾರು 3 ಜಿ.ಬಿ. ತೂಕದ ಒಂದೇ ಕಡತ ಇಳಿಸಿಕೊಳ್ಳಬೇಕು. ಅದನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ನಾವು ಹಾಗೆ ಮಾಡಿ ಅರ್ಧ ದಿನ ಕಳೆದೆವು. ರೂಫಸ್ ಅಥವಾ ಎಚ್ಚರ್ ಎಂಬ ಸಣ್ಣ ತಂತ್ರಾಂಶದಿಂದ ಅದನ್ನು ಬರೆಯಿಸಬೇಕು; ಆಗ ಪೆನ್‌ಡ್ರೈವೇ ಕಂಪ್ಯೂಟರನ್ನು ಎಬ್ಬಿಸುವ ಶಕ್ತಿ ಪಡೆಯುತ್ತದೆ, ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಅದನ್ನು ಸಿಕ್ಕಿಸಿ, ಕಂಪ್ಯೂಟರು ಎದ್ದ ಕೂಡಲೇ ಎಫ್12ನ್ನೋ ಎಫ್9ನ್ನೋ ಒತ್ತಿದರೆ ಯಾವುದರಿಂದ ಏಳಲಿ ಎಂದು ಅದು ಕೇಳುತ್ತದೆ. ಕೀಲಿ ಕಂಪನಿಗೊಂದು ತೆರ.

ಇಲ್ಲಿ ಒಂದು ಸೊಗಸಿದೆ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ನೋಡಬಹುದು. ವೈಫೈ ಹತ್ತುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರು ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸಿ, ಹಿಡಿಸದಿದ್ದರೆ ಪೆನ್‌ಡ್ರೈವು ಕಿತ್ತು ಮನೆಗೆ ಹೋಗಬಹುದು. ಹೊಲ ಉತ್ತು ನೋಡಿ ಆಮೇಲೆ ಒಪ್ಪಿಕೋ ಎನ್ನುವ ಒಡೆಯ ಎಲ್ಲಿದ್ದಾನೆ? ಒಪ್ಪಿಗೆಯಾದರೆ ‘ಸ್ಥಾಪಿಸು’ ಎಂಬುದನ್ನು ಒತ್ತಬೇಕು. ವಿಂಡೋಸಿನ ಪಕ್ಕದಲ್ಲೇ ಜಾಗ ಮಾಡಿಕೊಡಲೇ, ಅಥವಾ ಡಿಸ್ಕನ್ನು ಪೂರಾ ಅಳಿಸಿ ಕುಳಿತುಕೊಳ್ಳಲೇ ಎಂದು ಅದು ಕೇಳುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಎದ್ದು ಹೋಗಿ ಮುಖ ತೊಳೆದುಕೊಂಡು ಬರಬೇಕು. ನಾವು ಉತ್ಸಾಹದಲ್ಲಿ ಎರಡನೆಯದನ್ನು ಒತ್ತಿದೆವು. ಕಡತಗಳನ್ನೆಲ್ಲ ಬೇರೆಡೆ ತೆಗೆದಿಟ್ಟಿದ್ದೇವೆಂದು ನಂಬಿದ್ದೆವು. ನಾಯಕನಹಟ್ಟಿ ಹೋಬಳಿಯ ಚಂದಾದಾರರ ಪಟ್ಟಿ ಉಳಿದುಹೋಗಿತ್ತು. ಅದು ಹೋದದ್ದು ಹೋಯಿತು. ಆ ಹೋಬಳಿಯ ಓದುಗರಲ್ಲಿ ಯಾರಿಗಾದರೂ ಪತ್ರಿಕೆ ತಪ್ಪಿದ್ದರೆ ಅದು ಅಂಚೆಯವರ ತಪ್ಪಲ್ಲ, ನಮ್ಮದು. ಕ್ಷಮಿಸಿ ವಿಳಾಸ ಬರೆದು ಕಳಿಸಬೇಕು. ಕರೆಂಟು ಹೋಗುವ ಹೊತ್ತಿನಲ್ಲಿ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದೂ ತರವಲ್ಲ. ಉಳಿದಂತೆ ಹೆಸರು, ಗುಟ್ಟಿನ ಪದ, ಊರು ಕೇಳಿ ಮುಕ್ಕಾಲು ಗಂಟೆಯೊಳಗೆ ಮುಗಿಸಿತು. ವಿಂಡೋಸಿನಲ್ಲಿ ಏದುಸಿರು ಬಿಡುತ್ತಿದ್ದ ಯಂತ್ರ ಈಗ ಸಲೀಸಾಗಿ ನಡೆಯುತ್ತಿದೆ. ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್ ಅದರ ಸಂಗಡವೇ ಬಂತು.

ಕನ್ನಡದ ಮಾತು ಬೇರೆಯಾಗಿಯೇ ಹೇಳಬೇಕು. ಟೈಪು ಮಾಡುವುದಕ್ಕೆ ತೊಂದರೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿ ಬಳಸುವವರ ಬೆರಳಿಗೆ ಒಗ್ಗಿರುವ ಕಗಪ ಕೀಲಿಮಣೆ ಲಿನಕ್ಸಿನ ಪಟ್ಟಿಯಲ್ಲೇ ಇದೆ. ಕೀಲಿಮಣೆಯ ವಿಭಾಗಕ್ಕೆ ಹೋಗಿ ಕನ್ನಡ ಕಗಪ ಎಂದು ಸೇರಿಸಿಕೊಂಡರಾಯಿತು. ಪೇಚು ಬರುವುದು ಹಳೆಯ ಕಡತಗಳಲ್ಲಿ. ಹತ್ತು ವರ್ಷದ ನಮ್ಮ ಠರಾವುಗಳನ್ನು ತೆರೆದರೆ ರೋಮನ್ ಅಕ್ಷರ, ಗೆರೆ, ಚುಕ್ಕಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಎಲ್ಲ ಹಾಳಾಯಿತೆಂದು ಜೊತೆಯವರು ಗಾಬರಿಯಾದರು. ಹಾಳಾಗಿರಲಿಲ್ಲ. ಯೂನಿಕೋಡ್ ಬರುವ ಮುಂಚಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮುಖಕ್ಕೆ ಕನ್ನಡದ ಮುಖವಾಡ ಕಟ್ಟಿ ಕೆಲಸ ಸಾಗಿಸುತ್ತಿದ್ದವು. ಮುಖವಾಡ ಕಳಚಿದರೆ ಒಳಗಿನದು ಇಂಗ್ಲಿಷೇ. ಇಂಥ ಬರಹವನ್ನು ಯೂನಿಕೋಡ್ ಕನ್ನಡಕ್ಕೆ ಪರಿವರ್ತಿಸುವ ತಂತ್ರಾಂಶಗಳನ್ನು ನಮ್ಮ ಕನ್ನಡದ ತರುಣರೇ ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದು ವಾರ ಕುಳಿತು ಎಲ್ಲವನ್ನೂ ತಿರುಗಿಸಿದೆವು. ಅಲ್ಲೊಂದು ಇಲ್ಲೊಂದು ಒತ್ತಕ್ಷರ ತಪ್ಪಿದ್ದನ್ನು ಕೈಯಿಂದ ತಿದ್ದಿದೆವು. ಲಿನಕ್ಸ್ ಹಾಕಲಿ ಬಿಡಲಿ, ಈ ಕೆಲಸವನ್ನು ಪ್ರತಿಯೊಂದು ಸೊಸೈಟಿಯೂ ಶಾಲೆಯೂ ಇಂದೇ ಮಾಡಿಕೊಳ್ಳಬೇಕು. ಮುಖವಾಡದ ಕನ್ನಡ ಹುಡುಕಿದರೆ ಸಿಗುವುದಿಲ್ಲ.

ಆಗದ ಕೆಲಸಗಳನ್ನೂ ಮುಚ್ಚಿಡುವುದಿಲ್ಲ. ಈ ಪತ್ರಿಕೆಯ ಪುಟಗಳನ್ನು ಮುದ್ರಣಾಲಯದವರು ಇಂದಿಗೂ ಪೇಜ್‌ಮೇಕರಿನಲ್ಲಿ ಕಟ್ಟುತ್ತಾರೆ. ಅದು ಲಿನಕ್ಸಿಗಾಗಿ ಬರೆದದ್ದಲ್ಲ. ಮಂಡಿಯ, ಎಣ್ಣೆ ಗಿರಣಿಯ ಗುಮಾಸ್ತರ ಟ್ಯಾಲಿಯೂ ವಿಂಡೋಸನ್ನೇ ಬೇಡುತ್ತದೆ. ನಮ್ಮ ಹಳೆಯ ಪ್ರಿಂಟರು ಮೂರು ಸಂಜೆ ಮೊಂಡು ಹಿಡಿದು ನಾಲ್ಕನೆಯ ಸಂಜೆ ಒಲಿಯಿತು. ಮೆನುಗಳ ಕನ್ನಡ ಅನುವಾದ ಅರೆಬರೆಯಾಗಿದೆ. ವಿಂಡೋಸಿಗೂ ಕನ್ನಡದ ಮುಖವಿದೆಯಲ್ಲ ಎಂದರೆ, ಇದೆ. ಅಲ್ಲಿ ತಪ್ಪು ಕಂಡರೆ ಅರ್ಜಿ ಹಾಕಿಕೊಂಡು ಕಾಯಬೇಕು. ಇಲ್ಲಿಯ ಅನುವಾದವನ್ನು ತಳಕಿನ ಒಬ್ಬ ಕನ್ನಡ ಪಂಡಿತರು ಕೂತು ತಿದ್ದಬಹುದು.

ಶಾಲೆಯ ಮಕ್ಕಳಿಗೆ ಪೇಜ್‌ಮೇಕರೂ ಬೇಡ, ಟ್ಯಾಲಿಯೂ ಬೇಡ. ಅವರಿಗೆ ಬೇಕಾದ ಗಣಿತದ ಜಿಯೋಜೆಬ್ರಾ, ಚಿತ್ರ ಬರೆಯುವ, ಕನ್ನಡ ಬರೆಯುವ ಸಾಧನ ಎಲ್ಲವೂ ಲಿನಕ್ಸಿನಲ್ಲಿವೆ. ನೆರೆಯ ಕೇರಳವನ್ನು ನೋಡಿ. 2001ರಲ್ಲಿ ಆರಂಭವಾದ ಅಲ್ಲಿಯ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಪೂರಾ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಉಪಾಧ್ಯಾಯರೇ ಕಲಿತು ಉಪಾಧ್ಯಾಯರಿಗೆ ಕಲಿಸಿದರು. ಅದೇ ಯೋಜನೆ ಬೆಳೆದು ಆದ ಕೈಟ್ ಸಂಸ್ಥೆ 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಲು ಹೊರಟಾಗ, ಲೈಸೆನ್ಸಿನ ಬಾಬ್ತು 3,000 ಕೋಟಿ ರೂಪಾಯಿ ಉಳಿತಾಯವೆಂದು ಲೆಕ್ಕ ಕೊಟ್ಟಿತು. ನಮ್ಮ ರಾಜ್ಯವೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ. 2010ರ ದಶಕದಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಪ್ರೌಢಶಾಲಾ ಉಪಾಧ್ಯಾಯರಿಗೆ ಉಬುಂಟು ಎಂಬ ಲಿನಕ್ಸಿನ ಮೇಲೆಯೇ ತರಬೇತಿ ನಡೆಸಿದ್ದವು. ಅಂದು ಕಲಿತ ಉಪಾಧ್ಯಾಯರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಜನಗಣತಿಗೂ ಚುನಾವಣೆಗೂ ಓಡಿಸುವ ಸರ್ಕಾರ, ಕಲಿತದ್ದಕ್ಕೆ ಕೂಡಿಸಲು ಮರೆಯುತ್ತದೆ.

ಆದ್ದರಿಂದ ನಮ್ಮ ಕೇಳಿಕೆ ಸ್ಪಷ್ಟವಾಗಿದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಯಾವ ಕಂಪ್ಯೂಟರನ್ನೂ, ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ನೋಡದ ಹೊರತು, ನಿರುಪಯುಕ್ತವೆಂದು ಬರೆಯಬಾರದು. ಹೊಸ ಖರೀದಿಯ ಟೆಂಡರಿನಲ್ಲಿ ಒಂದು ಕಂಪನಿಯ ವ್ಯವಸ್ಥೆಯ ಹೆಸರು ಹಾಕಬಾರದು. ಇದು ನಮ್ಮ ಹಟವಲ್ಲ. ಮುಕ್ತ ತಂತ್ರಾಂಶವನ್ನೂ ಪರಿಗಣಿಸತಕ್ಕದ್ದು, ಬಿಟ್ಟರೆ ಕಾರಣ ಕೊಡತಕ್ಕದ್ದು ಎಂದು ಕೇಂದ್ರ ಸರ್ಕಾರವೇ 2015ರ ತನ್ನ ನೀತಿಯಲ್ಲಿ ಬರೆದುಕೊಂಡಿದೆ. ಆ ಕಾಗದ ದೆಹಲಿಯಿಂದ ಮೊಳಕಾಲ್ಮೂರಿಗೆ ಬರಲು ಎಷ್ಟು ವರ್ಷ ಬೇಕು? ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಉಪಾಧ್ಯಾಯರ ತರಬೇತಿ ಕೇಂದ್ರವೊಂದು ನಡೆಯುತ್ತಿದೆ. ಕಾವಲಿನ ನೆಲದ ಮೇಲೆ ನಿಂತಿರುವ ಆ ಸಂಸ್ಥೆ, ಕಾವಲಿನ ಸುತ್ತಲ ಹಳ್ಳಿಗಳ ಮೇಷ್ಟ್ರುಗಳಿಗೆ ಬೇಸಿಗೆ ರಜೆಯಲ್ಲಿ ಒಂದು ವಾರ ಈ ವಿದ್ಯೆ ಹೇಳಿಕೊಟ್ಟರೆ ಸಾಲ ತೀರಿಸಿದಂತಾಗುತ್ತದೆಂದು ನಾವು ಹೇಳುವುದಿಲ್ಲ. ಬಡ್ಡಿಯ ಒಂದು ಕಂತಾದರೂ ಸಂದೀತು.

ಮುಖ್ಯೋಪಾಧ್ಯಾಯರು ಮೇಲಿನವರ ಅಪ್ಪಣೆಯಿಲ್ಲದೆ ಎಂಟನ್ನೂ ಮುಟ್ಟಲು ಒಪ್ಪಲಿಲ್ಲ. ಅವರ ಹೆದರಿಕೆ ನಮಗೆ ಗೊತ್ತು. ನಾವೂ ಆ ಕುರ್ಚಿಯ ಎದುರು ಕೈಕಟ್ಟಿ ನಿಂತವರು. ಮೂಲೆಯ ಒಂದನ್ನು ಮಾತ್ರ, ಡಿಸ್ಕು ಮುಟ್ಟದೆ, ಪೆನ್‌ಡ್ರೈವಿನಿಂದ ಎಬ್ಬಿಸಿ ತೋರಿಸಲು ಬಿಟ್ಟರು. ಕಿಟಕಿಯ ಹುಡುಗಿಯರನ್ನು ಒಳಗೆ ಕರೆದೆವು. ಒಬ್ಬಳು ಕಗಪದಲ್ಲಿ ತಡಕಾಡಿ ತನ್ನ ಹೆಸರನ್ನೂ ಊರನ್ನೂ ಬರೆದಳು. ಇಲಾಖೆಗೆ ಅರ್ಜಿ ಹೋಗಿದೆ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ, ಬಾರದಿದ್ದರೆ ಬಾರದ ವಾರಗಳನ್ನು ಎಣಿಸಿ ಹಾಕುತ್ತೇವೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ನಮ್ಮ ಚಳ್ಳಕೆರೆ ಕಚೇರಿಯಲ್ಲಿ, ಮೂಲೆಗೆ ಬಿದ್ದ ಯಾರದೇ ಕಂಪ್ಯೂಟರಿಗೆ ಹಣ ಪಡೆಯದೆ ಲಿನಕ್ಸ್ ಹಾಕಿಕೊಡಲಾಗುವುದು. ಪಕ್ಷ ಯಾವುದೆಂದು ಕೇಳುವುದಿಲ್ಲ. ಕಡತಗಳ ನಕಲು ಮನೆಯಲ್ಲೇ ತೆಗೆದಿಟ್ಟು ಬರಬೇಕು; ಏಕೆಂದು ಮೇಲೆ ಬರೆದಿದ್ದೇವೆ.