ಮೈಗೆ ಚಪ್ಪಾಳೆ, ಮಿದುಳಿಗೆ ಪರೀಕ್ಷೆ

‘ದೊಡ್ಡ ಆಟಗಾರ ಒಳ್ಳೆಯ ಕೋಚ್ ಆಗಲಾರ’ ಎನ್ನುವ ಮಾತು ಕ್ರೀಡಾಲೋಕದಲ್ಲಿ ಗಾದೆಯಂತೆ ಓಡಾಡುತ್ತದೆ. ಇದಕ್ಕೆ ಕಾರಣವೂ ಸಿದ್ಧವಾಗಿರುತ್ತದೆ. ಪ್ರತಿಭೆ ಹುಟ್ಟಿನಿಂದಲೇ ಬಂದವನಿಗೆ ತಾನು ಮಾಡುವುದನ್ನು ಹೇಗೆ ಮಾಡುತ್ತೇನೆಂದು ಗೊತ್ತಿರುವುದಿಲ್ಲ, ಗೊತ್ತಿಲ್ಲದ್ದನ್ನು ಆತ ಕಲಿಸುವುದಾದರೂ ಹೇಗೆ? ಅದಕ್ಕಿಂತ ಕಷ್ಟಪಟ್ಟು ಕಲಿತ ಸಾಧಾರಣ ಆಟಗಾರನೇ ಮೇಲು. ಕೇಳಲು ಇದು ವಿವೇಕದ ಮಾತಿನಂತಿದೆ. ನನ್ನ ತಕರಾರು ಇರುವುದೇ ಈ ವಿವೇಕದ ಜೊತೆ. ಆಡುವ ಮೈಗೂ ಯೋಚಿಸುವ ಮಿದುಳಿಗೂ ನಡುವೆ ಇದು ಸದ್ದಿಲ್ಲದೆ ಒಂದು ಗೆರೆ ಎಳೆಯುತ್ತದೆ. ಆ ಗೆರೆಯ ಯಾವ ಕಡೆಗೆ ಯಾರನ್ನು ನಿಲ್ಲಿಸಲಾಗಿದೆ ಎಂದು ನೋಡಿದರೆ ಗಾದೆಯ ಬಣ್ಣ ಬಯಲಾಗುತ್ತದೆ.

ಬಿಲ್ ರಸೆಲ್ ಅವರನ್ನೇ ತೆಗೆದುಕೊಳ್ಳಿ. 1934ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಬೆಳೆದ ಈ ಕಪ್ಪು ಆಟಗಾರ 1956ರಿಂದ 1969ರವರೆಗೆ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಡಿದರು. ಆ 13 ಋತುಗಳಲ್ಲಿ ತಂಡ 11 ಬಾರಿ ಎನ್‌ಬಿಎ ಚಾಂಪಿಯನ್ ಆಯಿತು. 1966ರಲ್ಲಿ ಕೋಚ್ ರೆಡ್ ಔರ್‌ಬಾಕ್ ಕೆಳಗಿಳಿದಾಗ ಆ ಜಾಗಕ್ಕೆ ಬಂದವರು ರಸೆಲ್. ಆಟ ಬಿಡದೆಯೇ ಅವರು ಕೋಚ್ ಆದರು, ಎನ್‌ಬಿಎ ಕಂಡ ಮೊದಲ ಕಪ್ಪು ಮುಖ್ಯ ಕೋಚ್. ಆ ಪತ್ರಿಕಾಗೋಷ್ಠಿಯಲ್ಲಿ ಅವರಿಗೆ ಎದುರಾದ ಪ್ರಶ್ನೆಯೊಂದು ಹೀಗಿತ್ತು: ಬಿಳಿಯ ಆಟಗಾರರ ಬಗ್ಗೆ ಪೂರ್ವಗ್ರಹವಿಲ್ಲದೆ ಈ ಕೆಲಸ ಮಾಡಬಲ್ಲಿರಾ?

ಈ ಪ್ರಶ್ನೆ ಯಾರ ಮುಂದೆ ಇಟ್ಟದ್ದು ನೋಡಿ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನ ಹೋಟೆಲೊಂದರಲ್ಲಿ ಕಪ್ಪು ಆಟಗಾರರಿಗೆ ತಿಂಡಿ ಕೊಡಲು ನಿರಾಕರಿಸಿದಾಗ, ಪ್ರದರ್ಶನ ಪಂದ್ಯವನ್ನೇ ಬಿಟ್ಟು ಊರಿಗೆ ಮರಳಿದವರಲ್ಲಿ ರಸೆಲ್ ಒಬ್ಬರು. ತಾವು ಗೆಲ್ಲಿಸಿಕೊಟ್ಟ ಊರಿನ ಪಕ್ಕದಲ್ಲೇ ಅವರ ಮನೆಗೆ ನುಗ್ಗಿ ಹೊಲಸು ಮಾಡಿ ಹೋಗಿದ್ದರು. ಪೂರ್ವಗ್ರಹವನ್ನು ಉಂಡವರೇ ಪೂರ್ವಗ್ರಹದ ಪರೀಕ್ಷೆಗೂ ಕೂರಬೇಕಾಯಿತು. ಹತ್ತು ವರ್ಷ ಅವರ ಜಿಗಿತಕ್ಕೆ, ಉದ್ದನೆಯ ತೋಳಿಗೆ ಚಪ್ಪಾಳೆ ತಟ್ಟಿದವರಿಗೆ ಆ ತೋಳಿನ ಹಿಂದೆ ನಿರ್ಣಯಿಸುವ ಮನಸ್ಸೊಂದಿದೆ ಎಂಬುದಕ್ಕೆ ಮಾತ್ರ ಪುರಾವೆ ಬೇಕಿತ್ತು.

ಪುರಾವೆ ಅಂಕಣದಲ್ಲೇ ಬಿದ್ದಿತ್ತು. ರಕ್ಷಣೆಗೆ ನಿಂತವನು ನೆಲ ಬಿಟ್ಟು ಏಳಬಾರದು ಎಂಬುದು ಆ ಕಾಲದ ಪಾಠ. ರಸೆಲ್ ಎದ್ದರು. ಎದ್ದು ಚೆಂಡನ್ನು ಪ್ರೇಕ್ಷಕರತ್ತ ಬಾರಿಸಿ ಮೀಸೆ ತಿರುವಲಿಲ್ಲ. ಹಾಗೆ ಬಾರಿಸಿದರೆ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ. ತಡೆದ ಚೆಂಡು ಅಂಕಣದೊಳಗೇ, ತಮ್ಮವರ ಕೈಗೆ ಬೀಳುವಂತೆ ತಟ್ಟುತ್ತಿದ್ದರು. ಅಲ್ಲಿಂದಲೇ ಮರುದಾಳಿ ಶುರು. ಗಾಳಿಯಲ್ಲಿ ತೇಲುವ ಅರೆ ಗಳಿಗೆಯಲ್ಲಿ ಎಸೆದವನ ಕೈ, ಚೆಂಡಿನ ದಾರಿ, ತನ್ನ ಜೊತೆಗಾರ ಓಡುತ್ತಿರುವ ದಿಕ್ಕು, ಮೂರನ್ನೂ ಲೆಕ್ಕ ಹಾಕುವುದನ್ನು ‘ಹುಟ್ಟು ಪ್ರತಿಭೆ’ ಎಂದು ಕರೆದು ಸುಮ್ಮನಾಗುವುದು ಹೊಗಳಿಕೆಯ ವೇಷದ ಅವಮಾನ. ಕಾಲೇಜಿನ ದಿನಗಳಲ್ಲಿ ಅವರೂ ಜೊತೆಗಾರ ಕೆ.ಸಿ. ಜೋನ್ಸ್ ಅವರೂ ಕೂತು ಆಟದ ಕೋನಗಳನ್ನು ರೇಖಾಗಣಿತದಂತೆ ಚರ್ಚಿಸುತ್ತಿದ್ದರು. ಆ ಜೋನ್ಸ್ ಮುಂದೆ ಕೋಚ್ ಆಗಿ ಸೆಲ್ಟಿಕ್ಸ್‌ಗೆ 1984 ಮತ್ತು 1986ರಲ್ಲಿ ಪ್ರಶಸ್ತಿ ತಂದುಕೊಟ್ಟರು. ಇನ್ನೊಂದು ಸಂಗತಿಯಿದೆ. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸಲು ಶುರುಮಾಡಿದ್ದು 1973-74ರಲ್ಲಿ, ರಸೆಲ್ ಆಟ ಬಿಟ್ಟ ಮೇಲೆ. ಅವರು ಅಂಕಣದಲ್ಲಿ ಮಾಡಿದ ಅತಿ ದೊಡ್ಡ ಆಲೋಚನೆಗೆ ದಾಖಲೆಯ ಪುಸ್ತಕದಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಈಗ ಕೋಚ್ ರಸೆಲ್. ಮೊದಲ ಋತುವಿನಲ್ಲಿ 60 ಪಂದ್ಯ ಗೆದ್ದರೂ ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯಾ ಎದುರು ಸೋತರು. ಮರುವರ್ಷ ಅದೇ ತಂಡದ ಎದುರು 1-3ರಿಂದ ಹಿಂದಿದ್ದು, ಉಳಿದ ಮೂರನ್ನೂ ಗೆದ್ದರು. ಎನ್‌ಬಿಎಯಲ್ಲಿ ಅಂಥದ್ದು ಅದೇ ಮೊದಲು. ಆ ಸಲದ ಪ್ರಶಸ್ತಿಯೂ ಅವರದೇ. 1969ರಲ್ಲಿ ತಂಡಕ್ಕೆ ವಯಸ್ಸಾಗಿತ್ತು, ರಸೆಲ್‌ಗೆ 35. ವಿಭಾಗದಲ್ಲಿ ನಾಲ್ಕನೆಯ ಸ್ಥಾನಕ್ಕೆ ಜಾರಿದ್ದ ತಂಡ ಫೈನಲ್‌ನಲ್ಲಿ ಎದುರಿಸಿದ್ದು ವೆಸ್ಟ್, ಬೇಲರ್, ಚೇಂಬರ್ಲಿನ್ ಇದ್ದ ಲೇಕರ್ಸ್ ತಂಡವನ್ನು. ನಾಲ್ಕನೆಯ ಪಂದ್ಯದ ಕೊನೆಯ ಕೆಲವು ಸೆಕೆಂಡುಗಳು. ಬಾಸ್ಟನ್ ಒಂದು ಅಂಕ ಹಿಂದೆ. ಸೋತರೆ ಸರಣಿ 1-3. ಆ ಟೈಮ್‌ಔಟ್‌ನಲ್ಲಿ ಕೋಚ್ ರಸೆಲ್ ಆಟಗಾರ ರಸೆಲ್‌ನನ್ನು ಹೊರಗೆ ಕೂರಿಸಿದರು. ಆ ಗಳಿಗೆಗೆ ಬೇಕಿದ್ದದ್ದು ದೂರದಿಂದ ಎಸೆಯಬಲ್ಲ ಕೈ, ಅದು ತಮ್ಮದಲ್ಲ ಎಂದು ಅವರಿಗೆ ಗೊತ್ತಿತ್ತು. ಆಡಿದ ಪಟ್ಟನ್ನು ಸೂಚಿಸಿದ್ದೂ ಆಟಗಾರರೇ. ಮೂವರು ಅಡ್ಡ ನಿಂತರು, ಸ್ಯಾಮ್ ಜೋನ್ಸ್ ಎಸೆದರು. 89-88. ಕೊನೆಗೆ ಏಳನೆಯ ಪಂದ್ಯವನ್ನೂ 108-106ರಿಂದ ಗೆದ್ದು ರಸೆಲ್ ಆಟ ನಿಲ್ಲಿಸಿದರು.

ತನ್ನ ಕಾಲದ ಅತಿ ದೊಡ್ಡ ಆಟಗಾರ ಸರಣಿಯ ನಿರ್ಣಾಯಕ ಕ್ಷಣದಲ್ಲಿ ತನ್ನನ್ನೇ ತೆಗೆದುಹಾಕಿದ ಈ ತೀರ್ಮಾನವನ್ನು ಗಾದೆ ಹೇಳುವವರು ಯಾವ ಖಾನೆಯಲ್ಲಿ ಬರೆದುಕೊಳ್ಳುತ್ತಾರೆ?

ಅವರ ಬಳಿ ಉತ್ತರ ಇದೆ. ಸಿದ್ಧ ತಂಡ ಸಿಕ್ಕಿತ್ತು, ಜೊತೆಗೆ ಅಂಕಣದಲ್ಲಿ ರಸೆಲ್ ಇದ್ದರು, ಯಾರು ಕೋಚ್ ಆದರೂ ಗೆಲ್ಲುತ್ತಿದ್ದರು ಎನ್ನುತ್ತಾರೆ. ಆಮೇಲೆ ಸ್ಯಾಕ್ರಮೆಂಟೊ ಕಿಂಗ್ಸ್ ಕಡೆ ಬೆರಳು ತೋರಿಸುತ್ತಾರೆ. 1987-88ರಲ್ಲಿ ಅಲ್ಲಿ 17 ಗೆಲುವು, 41 ಸೋಲು, ಋತು ಮುಗಿಯುವ ಮೊದಲೇ ಹುದ್ದೆಯಿಂದ ಹೊರಗೆ. ಅದು ಸೋಲೇ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಅದಕ್ಕೂ ಮೊದಲು ಸಿಯಾಟಲ್ ತಂಡವನ್ನು 1975ರಲ್ಲಿ ಅದರ ಇತಿಹಾಸದ ಮೊದಲ ಪ್ಲೇಆಫ್‌ಗೆ ಒಯ್ದದ್ದು ಇದೇ ರಸೆಲ್, ಆಗ ಅಂಕಣದಲ್ಲಿ ಆಟಗಾರ ರಸೆಲ್ ಇರಲಿಲ್ಲ. ಗೆದ್ದಾಗ ಶ್ರೇಯ ಮೈಗೆ, ಸೋತಾಗ ದೋಷ ಮಿದುಳಿಗೆ ಎಂಬ ಈ ಲೆಕ್ಕ ಎಂಥದ್ದು? ಸಾಧಾರಣ ಆಟಗಾರರಾಗಿದ್ದು ಕೋಚ್ ಆಗಿ ಸೋತವರಿಗೆ ಲೆಕ್ಕವಿಲ್ಲ. ಅವರ ಸೋಲು ಅವರೊಬ್ಬರದೇ. ರಸೆಲ್ ಸೋಲು ಮಾತ್ರ ಒಂದಿಡೀ ವರ್ಗದ ಯೋಗ್ಯತೆಗೆ ಕೊಟ್ಟ ತೀರ್ಪಾಗುತ್ತದೆ.

ಸಾಹಿತ್ಯದ ಪತ್ರಿಕೆಯಲ್ಲಿ ಬಾಸ್ಕೆಟ್‌ಬಾಲ್ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ನಾನು ಜಾನಪದದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ಶಿಸ್ತಿನಲ್ಲಿ ರಾತ್ರಿಯಿಡೀ ಕಾವ್ಯ ಹಾಡುವವರನ್ನು ‘ವಕ್ತೃ’ ಎನ್ನುತ್ತೇವೆ, ಧ್ವನಿಮುದ್ರಿಸಿಕೊಂಡು ಬರುವ ನಮ್ಮನ್ನು ‘ಸಂಶೋಧಕ’ ಎನ್ನುತ್ತೇವೆ. ಕೇಳುವವರ ಮುಖ ನೋಡಿ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ, ಒಂದು ಪ್ರಸಂಗವನ್ನೇ ಕೈಬಿಡುವ ಹಾಡುಗಾರರ ತೀರ್ಮಾನಗಳನ್ನು ‘ರಕ್ತಗತವಾಗಿ ಬಂದ ಕಲೆ’ ಎಂದು ಬರೆದು, ವಿಶ್ಲೇಷಣೆಯ ಅಧ್ಯಾಯವನ್ನು ನಮ್ಮ ಹೆಸರಿಗೆ ಬರೆದುಕೊಳ್ಳುತ್ತೇವೆ. ಎಷ್ಟು ಪ್ರಬಂಧಗಳಲ್ಲಿ ಹಾಡುವವರ ಹೆಸರು ಅನುಬಂಧದಲ್ಲಿ, ವಯಸ್ಸು ಮತ್ತು ಜಾತಿಯ ಜೊತೆಗೆ ಮಾತ್ರ ಬರುತ್ತದೆ ಎಂದು ನೀವೇ ತಿರುವಿ ನೋಡಿ. ಅಮೆರಿಕದ ಬಣ್ಣದ ಇತಿಹಾಸವೂ ನಮ್ಮ ಜಾತಿಯ ಇತಿಹಾಸವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮಾಡುವವರಿಗೆ ಮೈಯನ್ನೂ ನೋಡುವವರಿಗೆ ಜ್ಞಾನವನ್ನೂ ಹಂಚುವ ರೂಢಿ ಎರಡೂ ಕಡೆ ಇದೆ ಎನ್ನುತ್ತಿದ್ದೇನೆ.

ಹಾಲ್ ಆಫ್ ಫೇಮ್ ರಸೆಲ್ ಅವರನ್ನು ಆಟಗಾರ ಎಂದು ಸೇರಿಸಿಕೊಂಡದ್ದು 1975ರಲ್ಲಿ. ಕೋಚ್ ಎಂದು ಒಪ್ಪಿಕೊಂಡದ್ದು 2021ರಲ್ಲಿ. ನಡುವೆ 46 ವರ್ಷ. ಆಗ ಅವರಿಗೆ 87, ಮರುವರ್ಷವೇ ತೀರಿಕೊಂಡರು. ಇಷ್ಟು ತಡವಾಗಲು ಅವರ ದಾಖಲೆಯಲ್ಲಿ ಹೊಸದೇನೂ ಸೇರಬೇಕಿರಲಿಲ್ಲ. ಬಾಸ್ಟನ್ನಿನ ಆ ಎರಡು ಪ್ರಶಸ್ತಿಗಳು 1969ರಿಂದಲೂ ಅಲ್ಲೇ ಇದ್ದವು. ಹಾಗಾಗಿ ‘ಆಟಗಾರ ಕೋಚ್ ಆದ’ ಎಂದು ಬರೆಯುವವರು ಆ ‘ಆದ’ ಎಂಬ ಕ್ರಿಯಾಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಲಿ. ರಸೆಲ್ 1966ರಲ್ಲಿ ಯೋಚಿಸಲು ಶುರುಮಾಡಲಿಲ್ಲ. ಅವರ ಯೋಚನೆಗೆ ಸಂಬಳ ಕೊಡಲು ತಂಡ ಶುರುಮಾಡಿತು, ಅಷ್ಟೆ.